ಶಶಿಪ್ರಭಾ ಎರಡನೇ ಸಲ ಡ್ರೈವಿಂಗ್ ಕಲಿತದ್ದು

ವಾಮದಪದವಿನ ಜಂಕ್ಷನ್ನಿನಲ್ಲಿ ಶಶಿಪ್ರಭಾಳ ಫ್ಯಾನ್ಸಿ ಅಂಗಡಿ, ಪಕ್ಕದಲ್ಲೇ ನನ್ನ ಟೈಲರಿಂಗ್ ಅಂಗಡಿ. ನಡುವೆ ಒಂದು ತೆಳ್ಳಗಿನ ಗೋಡೆ. ಅವಳು ಅತ್ತರೆ ನನ್ನ ಮೆಷಿನ್ ನಿಲ್ಲುತ್ತದೆ. ಊರಿನವರು ಅವಳ ಬಗ್ಗೆ ಬಾಯಿಗೆ ಬಂದದ್ದು ಹೇಳಿಕೊಂಡು ತಿರುಗುತ್ತಾರೆ. ಅವರು ಹೇಳುವುದಕ್ಕಿಂತ ನಾನು ಹೇಳುವುದು ವಾಸಿ.

ಅವಳ ಗಂಡ ಮುಂಡಪ್ಪ ಶೆಟ್ಟರಿಗೆ ಮಸ್ಕತ್ತಿನ ಹೋಟೆಲೊಂದರಲ್ಲಿ ಕೆಲಸ. ಒಬ್ಬಳೇ ಮಗಳು ಸುರಕ್ಷಾ ಮೂಡುಬಿದಿರೆಯ ಕಾಲೇಜಿನ ಲ್ಯಾಬಿನಲ್ಲಿದ್ದಳು. ದಿನಾ ಬಸ್ಸಿನಲ್ಲಿ ನೇತಾಡಿ ಸಾಕಾಗಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಳು. ಆ ಕಾರು ಅಂಗಡಿಯೆದುರು ಬಂದು ನಿಂತ ದಿನ ನಾನೂ ಹಿಂದಿನ ಸೀಟಿನಲ್ಲಿ ಕುಳಿತು ಒಂದು ಸುತ್ತು ಹೋಗಿದ್ದೆ. ಶಶಿ ಮಗಳ ಪಕ್ಕದಲ್ಲಿ ಕುಳಿತು ಉಪದೇಶದ ಮೂಟೆ ಬಿಚ್ಚಿದಳು. ನಲವತ್ತರ ಮೇಲೆ ಹೋಗಬಾರದು, ಮೊಬೈಲು ಬ್ಯಾಗಿನಲ್ಲೇ ಇರಬೇಕು, ದೈವದ ಕಟ್ಟೆ ಬಂದರೆ ಕೈ ಮುಗಿಯದೆ ದಾಟಬಾರದು, ಮಳೆಗೆ ಗಾಜು ಒರೆಸುವ ಬಟ್ಟೆ ಮರೆಯಬಾರದು.

"ಇಷ್ಟೆಲ್ಲ ನೆನಪಿಟ್ಟುಕೊಂಡರೆ ನನಗೆ ಸ್ಟೇರಿಂಗೇ ಮರೆತು ಹೋಗ್ತದೆ ಅಮ್ಮ" ಎಂದು ಸುರಕ್ಷಾ ನಕ್ಕಳು.

ನಕ್ಕರೂ ಎಲ್ಲವನ್ನೂ ಪಾಲಿಸಿದಳು. ಆಟೋದವರು ಕೂಡ ಹಾರ್ನ್ ಹೊಡೆದು ಅವಳನ್ನು ಹಿಂದಿಕ್ಕಿ ಹೋಗುತ್ತಿದ್ದರು. ಹುಡುಗಿಯ ಕಾರಿಗಿಂತ ನನ್ನ ಹೊಲಿಗೆ ಮೆಷಿನ್ನೇ ಜೋರು ಎಂದು ನಾನೂ ತಮಾಷೆ ಮಾಡಿದ್ದುಂಟು.

ಕಳೆದ ಜೂನಿನಲ್ಲಿ ಮೊದಲ ಮಳೆ ಬಿದ್ದ ಬೆಳಿಗ್ಗೆ, ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ದೈವದ ಕಟ್ಟೆಯ ತಿರುವಿನಲ್ಲಿ ಆ ಕಾರು ಗಿರ್ರನೆ ತಿರುಗಿ ಆಚೆ ಬದಿಯ ಮರಕ್ಕೆ ಹೊಡೆಯಿತು. ಸುರಕ್ಷಾ ಆಸ್ಪತ್ರೆ ತಲುಪಲಿಲ್ಲ. ಇಪ್ಪತ್ತಾರು ವರ್ಷದ ಮಗು. ಅವಳ ಮೊದಲ ಲಂಗ ಹೊಲಿದವಳು ನಾನು. 

ಪೊಲೀಸರು ಅತಿವೇಗ ಮತ್ತು ಅಜಾಗರೂಕತೆ ಎಂದು ಬರೆದರು. ಯಾರು ಸತ್ತರೂ ಅವರು ಬರೆಯುವುದು ಅದನ್ನೇ. ಉತ್ತರಕ್ರಿಯೆಯ ಬೊಜ್ಜದ ದಿನ ನೆಂಟನೊಬ್ಬ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಾ, "ಈಗಿನ ಹುಡುಗಿಯರಿಗೆ ಕಾರು ಸಿಕ್ಕಿದರೆ ಆಕಾಶಕ್ಕೆ ಮೂರೇ ಗೇಣು. ಫೋನಿನಲ್ಲಿ ಮಾತಾಡ್ತಾ ಹೋಗಿರ್ಬೇಕು" ಎಂದ. ಅವನ ನಾಲಿಗೆಗೆ ನನ್ನ ಕತ್ತರಿ ಇಡಬೇಕು ಎನಿಸಿತು. ಶಶಿ ಮಾತ್ರ ದನಿ ಏರಿಸದೆ ಹೇಳಿದಳು: "ಅವಳು ನನ್ನ ಮಾತು ಮೀರುವವಳಲ್ಲ."

ಶೆಟ್ಟರು ಮಸ್ಕತ್ತಿಗೆ ಮರಳಿದರು. ಶಶಿ ಅಂಗಡಿ ತೆರೆದಳು. ಬಳೆ, ಕ್ಲಿಪ್ಪು ಕೊಳ್ಳಲು ಬಂದವರು ಕೂಡ "ಎಷ್ಟು ಸ್ಪೀಡಿನಲ್ಲಿದ್ದಳಂತೆ?" ಎಂದು ಕೇಳಿಯೇ ಹೋಗುವರು. ಒಂದು ದಿನ ಅವಳು ಗೋಡೆಯ ಈಚೆ ಬಂದು ನನ್ನೆದುರು ನಿಂತಳು.

"ಪದ್ಮಕ್ಕ, ನಲವತ್ತರಲ್ಲಿ ಹೋಗುವ ಕಾರು ಹೇಗೆ ತಿರುಗಿತು ಅಂತ ನನಗೆ ಗೊತ್ತಾಗ್ಬೇಕು. ಕಾರು ಜಾರುವುದನ್ನು ಕಲಿಸುವವರು ಯಾರಾದರೂ ಇರ್ತಾರಾ?"

ಓಮ್ನಿ ವ್ಯಾನು ಓಡಿಸಿ ಅಂಗಡಿಗೆ ಸಾಮಾನು ತರುವವಳು ಅವಳು, ಲೈಸೆನ್ಸ್ ಪಡೆದು ಎಷ್ಟೋ ಕಾಲವಾಗಿದೆ. ಬಿ.ಸಿ.ರೋಡಿನ ಡ್ರೈವಿಂಗ್ ಸ್ಕೂಲುಗಳಿಗೆ ನಾವಿಬ್ಬರೂ ಹೋದೆವು. ಒಂದು ಕಡೆ ಮೇಜಿನ ಹಿಂದಿದ್ದವನು, "ಲೈಸೆನ್ಸ್ ಉಂಟಲ್ಲ ಅಕ್ಕ, ಮತ್ತೆಂತ ಕ್ಲಾಸು? ಎಂಟು ಹಾಕಿದ್ರೆ ಆಯ್ತು" ಎಂದ. ಇನ್ನೊಬ್ಬ, ಅಂಥದ್ದನ್ನು ಕೊಯಮತ್ತೂರಿನ ಕಡೆ ಟ್ರ್ಯಾಕಿನಲ್ಲಿ ಕಲಿಸುತ್ತಾರಂತೆ, ಅದು ರೇಸಿನ ಹುಡುಗರಿಗೆ ಎಂದು ನಮ್ಮ ಸೀರೆಗಳನ್ನು ನೋಡಿ ನಕ್ಕ. ಕೊನೆಗೆ ದಾರಿ ತೋರಿಸಿದ್ದು ನಮ್ಮ ಜಂಕ್ಷನ್ನಿನ ಪಂಕ್ಚರ್ ಅಂಗಡಿಯ ಬಾವಾ. ಬೆಳ್ತಂಗಡಿಯ ಅಬ್ದುಲ್ ವಹಾಬ್ ಹಿಂದೆ ಮಣ್ಣಿನ ಟ್ರ್ಯಾಕಿನ ರ್‍ಯಾಲಿಗಳಲ್ಲಿ ಓಡಿಸುತ್ತಿದ್ದವನು. ಈಗ ಗ್ಯಾರೇಜು ಇಟ್ಟುಕೊಂಡು ಭಾನುವಾರ ವೇಣೂರಿನ ಕಡೆಯ ಕೆಂಪುಕಲ್ಲು ಕಡಿದು ಬಿಟ್ಟ ಒಂದು ಹಳೆಯ ಕೋರೆಯಲ್ಲಿ ಆಸೆಯಿದ್ದವರಿಗೆ ಕಲಿಸುತ್ತಾನೆ.

ಹೋಗುವಾಗ ಶಶಿ ಸುತ್ತು ಬಳಸಿ ಹೋದಳು. ಕಟ್ಟೆಯ ತಿರುವಿನ ದಾರಿಯನ್ನು ಅವಳು ಜೂನಿನಿಂದಲೇ ಬಿಟ್ಟಿದ್ದಳು.

ವಹಾಬ್ ಮೊದಲು ಒಪ್ಪಲಿಲ್ಲ. "ಇದು ಹುಡುಗರ ಹುಚ್ಚು ಅಕ್ಕ. ನಿಮಗ್ಯಾಕೆ?"

"ನನಗೂ ಹುಚ್ಚೇ ಅಂತ ಇಟ್ಟುಕೊಳ್ಳಿ" ಎಂದಳು ಶಶಿ. ಮಗಳ ವಿಷಯ ಹೇಳಬಾರದೆಂದು ನನ್ನ ಬಾಯಿಗೆ ಮೊದಲೇ ಬೀಗ ಹಾಕಿದ್ದಳು. ಹೇಳಿದರೆ ಅವನು ಕನಿಕರಕ್ಕೆ ಕಲಿಸುತ್ತಾನೆ, ಸರಿಯಾಗಿ ಕಲಿಸುವುದಿಲ್ಲ ಎಂಬುದು ಅವಳ ಲೆಕ್ಕ.

ಅವನ ಹಳೆಯ ಕಾರಿನಲ್ಲೇ ಪಾಠ. ಕೋರೆಯ ನೆಲಕ್ಕೆ ಡ್ರಮ್ಮಿನಿಂದ ನೀರು ಸುರಿಯುತ್ತಿದ್ದ. ಕೆಂಪು ಮಣ್ಣು ನೆನೆದರೆ ಸೋಪಿನ ಹಾಗೆ. "ಕಣ್ಣು ಎಲ್ಲಿ ನೋಡ್ತದೋ ಕಾರು ಅಲ್ಲಿಗೇ ಹೋಗ್ತದೆ ಅಕ್ಕ. ಮರವನ್ನು ನೋಡಿದ್ರೆ ಮರಕ್ಕೇ. ಬ್ರೇಕ್ ಏನಿದ್ದರೂ ತಿರುವಿಗೆ ಮೊದಲು. ತಿರುವಿನ ಒಳಗೆ ಬ್ರೇಕ್ ಮುಟ್ಟಬೇಡಿ. ಎರಡು ಕೈ ಸ್ಟೇರಿಂಗಿನಲ್ಲೇ ಇರಲಿ." ಇದನ್ನೇ ಅವನು ಜಪದ ಹಾಗೆ ಹೇಳುತ್ತಿದ್ದ. ಮೊದಲ ವಾರ ಕಾರು ಬುಗುರಿಯಾಯಿತು. ಹಿಂದೆ ಕುಳಿತ ನಾನು ಗೊತ್ತಿದ್ದ ದೈವ ದೇವರನ್ನೆಲ್ಲ ಕರೆದೆ, ಆಮೇಲೆ ಎರಡು ವಾರ ಕೊಡೆ ಹಿಡಿದು ಕಲ್ಲಿನ ಮೇಲೆಯೇ ಕುಳಿತೆ. ಶಶಿ ಮಾತ್ರ ಬಿಡಲಿಲ್ಲ. ಕಾರಿನ ಹಿಂಭಾಗ ಜಾರಿದರೆ ಹೆದರದೆ, ಕಾಲು ಸಡಿಲಿಸಿ, ಸ್ಟೇರಿಂಗನ್ನು ಜಾರಿದ ಕಡೆಗೇ ತಿರುಗಿಸಿ ನೇರ ಮಾಡುವಷ್ಟು ಕಲಿತಳು. ವಹಾಬನಿಗೇ ಆಶ್ಚರ್ಯ. ಹಾಗೆ ನೇರ ಮಾಡಿದ ಪ್ರತಿ ಸಲವೂ ಅವಳ ಮುಖ ಬಾಡುತ್ತಿತ್ತು. ಮಗಳಿಗೆ ಇದನ್ನು ಯಾರೂ ಕಲಿಸಲಿಲ್ಲವಲ್ಲ ಎಂದು ಅವಳು ಬಾಯಿಬಿಟ್ಟು ಹೇಳದಿದ್ದರೂ ನನಗೆ ಕೇಳಿಸುತ್ತಿತ್ತು.

ಕೊನೆಯ ಭಾನುವಾರ ಅವಳು ಹಳೆಯ ಟಯರುಗಳನ್ನು ತಾನೇ ಉರುಳಿಸಿ ಒಂದು ತಿರುವು ಮಾಡಿದಳು. ಇಷ್ಟು ಅಗಲ, ಇಷ್ಟು ಇಳಿಜಾರು, ಎಡಕ್ಕೆ ಇಷ್ಟು ಬಾಗು. ನಾನು ಕಂಡ ಕೂಡಲೇ ಗುರುತಿಸಿದೆ. ನೀರು ಸುರಿದ ನೆಲದಲ್ಲಿ ನಲವತ್ತರಲ್ಲಿ ಬಂದಳು. ಕಾರು ಅಲ್ಲಾಡಲಿಲ್ಲ. ಮತ್ತೆ ಬಂದಳು, ಮತ್ತೆಯೂ ಅಲ್ಲಾಡಲಿಲ್ಲ.

"ಇಂಥ ತಿರುವಿನಲ್ಲಿ ನಲವತ್ತಕ್ಕೆ ಕಾರು ತಪ್ಪುವುದಿಲ್ಲ ಅಕ್ಕ" ಎಂದ ವಹಾಬ್. "ತಪ್ಪಿದ್ರೆ ಜೋರಾಗಿ ಬಂದಿದೆ ಅಂತಲೇ ಅರ್ಥ."

ಊರಿನವರ ಮಾತನ್ನೇ ಅವನೂ ಹೇಳಿದ ಹಾಗಾಯಿತು. ಆಗ ಶಶಿ ಬಾಯಿ ಬಿಟ್ಟಳು. ಮಗಳ ಹೆಸರು, ಆ ಬೆಳಿಗ್ಗೆ, ಆ ಮರ, ಎಲ್ಲ ಹೇಳಿದಳು. ವಹಾಬ್ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. "ಮೊದಲೇ ಹೇಳ್ಬಾರದಿತ್ತಾ ಅಕ್ಕ" ಎಂದ.

"ಅವಳು ಜೋರಾಗಿ ಹೋಗುವವಳಲ್ಲ" ಎಂದಳು ಶಶಿ. "ಇದರಲ್ಲಿ ಏನೋ ಕಡಿಮೆ ಉಂಟು. ಕಟ್ಟೆ ಇಲ್ಲ."

ಅವಳೇ ಹೋಗಿ ಮೂರು ಕೆಂಪುಕಲ್ಲು ಹೊತ್ತು ತಂದು ತಿರುವಿನ ಎಡಬದಿಯಲ್ಲಿ ಪೇರಿಸಿದಳು. ಬರೀ ಕಲ್ಲಾದರೆ ಆ ಜಾಗ ಅನಿಸುವುದಿಲ್ಲ ಎಂದು ಬೇಲಿಯ ಕೇಪಳ ಹೂವು ಕೊಯ್ದು ಮೇಲಿಟ್ಟಳು. ಆಮೇಲೆ ಕಾರು ಹತ್ತಿದಳು. ಯಾಕೋ ಅವಳನ್ನು ಒಬ್ಬಳೇ ಬಿಡಲು ಮನಸ್ಸಾಗದೆ ನಾನೂ ಹಿಂದೆ ಕುಳಿತೆ. ವಹಾಬ್ ಅವಳ ಪಕ್ಕದಲ್ಲಿದ್ದ.

ನಲವತ್ತರಲ್ಲೇ ಬಂದಳು. ಕಲ್ಲು ಮತ್ತು ಕೆಂಪು ಹೂವು ಕಣ್ಣಿಗೆ ಬಿದ್ದವು. ಶಶಿಯ ಬಲಗೈ ಸ್ಟೇರಿಂಗಿನಿಂದ ಎದ್ದು ಎದೆಗೆ ಹೋಯಿತು, ಅಲ್ಲಿಂದ ಹಣೆಗೆ. ಅದರ ಜೊತೆಗೇ ಕಾಲು ಬ್ರೇಕ್ ಒತ್ತಿತು. ಕಾರು ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ, ಎಂಜಿನ್ ಬಂದ್ ಆಗಿ ನಿಂತಿತು.

ಹಿಂದಿನ ಸೀಟಿನಲ್ಲಿ ನನ್ನ ಬಲಗೈಯೂ ಹಣೆಯ ಹತ್ತಿರವಿತ್ತು. ನಾವು ಯಾರೂ ಯೋಚಿಸಿ ಮಾಡುವ ಕೆಲಸವಲ್ಲ ಅದು. ಹುಟ್ಟಿದಂದಿನಿಂದ ತಾಯಂದಿರು ಕೈ ಹಿಡಿದು ಮಾಡಿಸಿದ್ದು.

"ಕೈ ಯಾಕೆ ಬಿಟ್ಟಿರಿ ಅಕ್ಕ?" ಎಂದು ಕೇಳಿದ ವಹಾಬ್, ಪೇರಿಸಿದ ಕಲ್ಲಿನ ಕಡೆ ನೋಡಿದ. ನಮ್ಮ ಸೀಮೆಯವನೇ ಅಲ್ಲವೇ, ಅವನಿಗೂ ತಿಳಿಯಿತು. ಇಳಿದು ಹೋಗಿ ಬಾಟಲಿಯಲ್ಲಿ ನೀರು ತಂದುಕೊಟ್ಟ. ಅವಳು ಕುಡಿಯಲಿಲ್ಲ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಾ ಕುಳಿತಿದ್ದಳು.

ಹೊರಡುವ ಮೊದಲು ಆ ಹೂವನ್ನು ತೆಗೆದು ಬೇಲಿಯ ಬುಡದಲ್ಲಿಟ್ಟಳು. "ಮೂಡುಬಿದಿರೆಯ ಮೇಲಿಂದ, ಕಟ್ಟೆಯ ದಾರಿಯಲ್ಲೇ ಹೋಗುವ ಪದ್ಮಕ್ಕ" ಎಂದಳು. ನಾನು ಓಮ್ನಿಯ ಮುಂದಿನ ಸೀಟಿಗೆ ಹತ್ತಿದೆ.

ಮೂಡುಬಿದಿರೆ ದಾಟಿ ಓಮ್ನಿ ನಮ್ಮೂರಿನ ದಾರಿ ಹಿಡಿಯಿತು. ಎದುರಿನಿಂದ ಬಂದ ಬಸ್ಸಿನ ಡ್ರೈವರ್ ಕಟ್ಟೆಯ ಹತ್ತಿರ ಒಂದು ಕೈ ಎತ್ತಿ ಹಣೆಗೆ ಮುಟ್ಟಿಸಿ ಹೋದ. ಶಶಿ ತಿರುವಿಗೆ ಮೊದಲೇ ವೇಗ ಇಳಿಸಿದಳು. ಎರಡು ಕೈಯೂ ಸ್ಟೇರಿಂಗಿನ ಮೇಲಿದ್ದವು. ನನ್ನ ಕೈ ಅಭ್ಯಾಸದಂತೆ ಎದ್ದು ಅರ್ಧದಲ್ಲೇ ನಿಂತಿತು.

"ನೀವು ಕೈ ಮುಗಿಯಿರಿ ಪದ್ಮಕ್ಕ" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ನೀವು ಪಕ್ಕದಲ್ಲಿ ಕೂತವರು."

ತಿರುವು ದಾಟಿ, ಆ ಮರವನ್ನೂ ದಾಟಿ, ಅಗಲ ಜಾಗ ನೋಡಿ ವ್ಯಾನು ನಿಲ್ಲಿಸಿದಳು. ಅಳುತ್ತಾಳೆ ಎಂದುಕೊಂಡೆ. ಅತ್ತದ್ದು ನಾನು.

"ಅವಳು ಜೋರಾಗಿ ಹೋಗಿರ್ಲಿಲ್ಲ, ಶಶಿ. ಇನ್ನು ಯಾರು ಕೇಳಿದ್ರೂ ಧೈರ್ಯದಲ್ಲಿ ಹೇಳಬಹುದು" ಎಂದೆ.

"ಹೌದು. ನಾನು ಹೇಳಿದ ಹಾಗೆಯೇ ಹೋದಳು" ಎಂದಳು ಶಶಿ. "ಹೇಳಿದ್ದನ್ನೆಲ್ಲ ಮಾಡಿದಳು. ಒಂದು ದಿನ ನನ್ನ ಮಾತು ಮೀರಬಾರದಿತ್ತಾ ಪದ್ಮಕ್ಕ, ಒಂದೇ ಒಂದು ದಿನ?"