ಕೌದಿಯ ಮೂಲೆಯ ಹತ್ತು ಗ್ರಾಂ

ಹಲ್ಲುಜ್ಜುವ ಬ್ರಶ್ಶಿನ ಹಿಡಿಕೆಯನ್ನು ಗರಗಸದಿಂದ ಕೊಯ್ಯುವ ಗಂಡಸನ್ನು ನೀವು ನೋಡಿದ್ದೀರಾ? ನನ್ನ ಹೆಂಡತಿ ಗಿರಿಜಾ ನೋಡಿದ್ದಾಳೆ. ಅದೂ ತನ್ನ ಅಡುಗೆಮನೆಯ ಕಟ್ಟೆಯ ಮೇಲೆ.

‘ಬ್ರಶ್ ಏನ್ ತಪ್ಪ ಮಾಡೇತ್ರಿ?’ ಎಂದಳು.

‘ಆರ ಗ್ರಾಂ ಉಳೀತು,’ ಎಂದೆ. (ಹೆಮ್ಮೆಯಿಂದಲೇ ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.)

ವಿಷಯ ಇಷ್ಟೇ. ಈ ಸಲ ಯುಗಾದಿಗೆ ಗಜೇಂದ್ರಗಡದಿಂದ ಶ್ರೀಶೈಲಕ್ಕೆ ನಡೆದು ಹೋಗುವವರ ಜೊತೆ ನಾನೂ ಹೊರಟಿದ್ದೆ. ನಮ್ಮ ಕಡೆ ಇದೇನು ದೊಡ್ಡ ಸುದ್ದಿಯಲ್ಲ. ಹೆಗಲಿಗೊಂದು ಚೀಲ, ಅದರಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹೊದೆಯಲು ಕೌದಿ. ಜನ ಹೊರಟೇಬಿಡುತ್ತಾರೆ. ನಾನು ಹಾಗೆ ಹೋಗಲಾಗುತ್ತದೆಯೇ? ಮೊಬೈಲಿನಲ್ಲಿ ವಿಡಿಯೋ ನೋಡಿದವನು! ಬೆನ್ನ ಮೇಲಿನ ಒಂದೊಂದು ಗ್ರಾಮೂ ಮೊಣಕಾಲಿಗೆ ಶತ್ರು ಎಂದು ಯಾರೋ ಹೇಳಿದ್ದನ್ನು ತಲೆಗೆ ಹತ್ತಿಸಿಕೊಂಡವನು.

ಡಿಜಿಟಲ್ ತಕ್ಕಡಿ ಬಂತು. ಟವೆಲ್ ಅರ್ಧವಾಯಿತು. ಅಂಗಿಗಳ ಲೇಬಲ್ ಹೋದವು. ಬಸ್ ಸ್ಟ್ಯಾಂಡ್ ಹತ್ತಿರದ ಟೇಲರ್ ರಾಜೇಸಾಬರಿಂದ ಪ್ಯಾರಾಚೂಟ್ ಬಟ್ಟೆಯ ಬ್ಯಾಗ್ ಹೊಲಿಸಿದೆ. ಕಿಸೆ ಬೇಡ, ಜಿಪ್ ಬೇಡ ಎಂದಾಗ ಅವರು ನಕ್ಕುಬಿಟ್ಟರು. ‘ಸರ, ಬ್ಯಾಗರ ಬೇಕೇನ್ರಿ?’

ಮನೆಯಲ್ಲಿ ಮಗಳ ಪರೀಕ್ಷೆ, ಸೋರುವ ನಲ್ಲಿ, ಖಾಲಿಯಾದ ಸಿಲಿಂಡರ್ ಎಲ್ಲವೂ ಇದ್ದವು. ಎಲ್ಲವನ್ನೂ ಗಿರಿಜಾಳೇ ನೋಡಿಕೊಂಡಳು. ನನಗೆ ಕಾಣುತ್ತಿದ್ದದ್ದು ತಕ್ಕಡಿಯ ಅಂಕಿ ಮಾತ್ರ.

ಹೊದಿಕೆಯ ಮಾತು ಬಂದಾಗ ಅವಳು ತನ್ನ ಅವ್ವನ ಕೌದಿ ತಂದಿಟ್ಟಳು. ಅತ್ತೆಯವರ ಊರು ಹೊಳೆದಂಡೆಯ ಮೆಣಸಗಿ. ಹೊಳೆ ಬಂದು ಮನೆ ಬಿದ್ದ ವರ್ಷ ನಮ್ಮಲ್ಲಿಗೆ ಬಂದರು. ಕೆಸರಿನಿಂದ ಎಳೆದು ತಂದ ಸೀರೆಗಳನ್ನು ಒಗೆದು, ಹರಿದು, ನಮ್ಮ ಪಡಸಾಲೆಯಲ್ಲಿ ಕೂತು ಹೊಲಿದ ಕೌದಿ ಅದು. ಅದೇ ಅವರ ಕೊನೆಯ ಕೌದಿ. ಅವರು ತೀರಿಕೊಂಡ ಮೇಲೆ ಗಿರಿಜಾ ಅದನ್ನು ಒಮ್ಮೆಯೂ ಒಗೆದಿಲ್ಲ. ಬಿಸಿಲಿಗೆ ಹಾಕಿ, ಮಡಿಚಿ ಮತ್ತೆ ಟ್ರಂಕಿನಲ್ಲಿಡುತ್ತಿದ್ದಳು.

‘ಇದನ್ನ ಒಯ್ರಿ. ಅವ್ವಗ ಶ್ರೀಶೈಲಕ್ಕ ನಡಕೊಂಡ ಹೋಗೂ ಆಸೆ ಭಾಳ ಇತ್ತು. ಕಾಲ ಕೈ ಕೊಟ್ವು. ಇದಾದ್ರೂ ಹೋಗಿ ಬರ್ಲಿ.’

ನಾನೇನು ಮಾಡಿದೆ ಹೇಳಿ? ತಕ್ಕಡಿಗೆ ಹಾಕಿದೆ.

‘ಎರಡೂವರಿ ಕಿಲೋ! ಆಗಂಗಿಲ್ಲ ಬಿಡು.’

ಅವಳು ಕೌದಿ ಎತ್ತಿಕೊಂಡು ಒಳಗೆ ಹೋದಳು. ನಾಲ್ಕು ದಿನ ಬಿಟ್ಟು ಪುಟ್ಟ ಕೌದಿಯೊಂದನ್ನು ತಂದು ಕೈಗಿತ್ತಳು. ಅದೇ ಕೌದಿ! ಹೊಲಿಗೆ ಬಿಚ್ಚಿ, ಒಳಪದರ ತೆಗೆದು, ಅರ್ಧ ಮಾಡಿ, ಮತ್ತೆ ಅಂಚು ಹೊಲಿದಿದ್ದಳು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ನಾನು ಅದನ್ನೂ ತೂಗಿದೆ.

ಒಂಬೈನೂರ ಹತ್ತು ಗ್ರಾಂ. ಮೂಲೆಯೊಂದರಲ್ಲಿ ಗಟ್ಟಿಯಾಗಿ ಏನೋ ಕೈಗೆ ಹತ್ತಿತು. ಹಳೆ ಬಟ್ಟೆಯ ಗಂಟಿರಬೇಕು ಎಂದುಕೊಂಡೆ. ಗಿರಿಜಾ ಹಿತ್ತಲಲ್ಲಿದ್ದಳು. ಬ್ಲೇಡಿನಿಂದ ಮೂಲೆ ಬಿಚ್ಚಿ, ಗಂಟು ತೆಗೆದು ಕಸದ ಡಬ್ಬಿಗೆ ಹಾಕಿದೆ. ಮತ್ತೆ ತೂಗಿದೆ. ಸರಿಯಾಗಿ ಒಂಬೈನೂರು! ಆ ಅಂಕಿ ನೋಡಿ ಎಂಥ ಖುಷಿ ನನಗೆ.

ಹೋದೆ, ಬಂದೆ. ಮೊಣಕಾಲು ನೋಯಲಿಲ್ಲ. ದಾರಿಯಲ್ಲಿ ಸಿಕ್ಕವರ ಕೈಗೆಲ್ಲ ಬ್ಯಾಗ್ ಕೊಟ್ಟು ‘ನೋಡ್ರಿ, ಎಷ್ಟ ಹಗರ ಐತಿ’ ಎಂದು ಮೆರೆದೆ.

ಬಂದ ಮರುದಿನ ಬೆಳಿಗ್ಗೆ ಗಿರಿಜಾ ಕೌದಿಯನ್ನು ಬಿಸಿಲಿಗೆ ಹರವಿದಳು. ಒಂದು ಮೂಲೆ ಮುಟ್ಟಿದಳು. ಇನ್ನೊಂದು ಮುಟ್ಟಿದಳು. ನಾಲ್ಕನ್ನೂ ಮುಟ್ಟಿ ನೋಡಿದಳು.

‘ಇಲ್ಲೊಂದ ಗಂಟ ಇತ್ತಲ್ರಿ?’

‘ಅದಾ? ತಗದ ಕಸದಾಗ ಒಗದೆ. ಹತ್ತ ಗ್ರಾಂ ಇತ್ತು.’

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

‘ಕೌದಿ ಹಸದಿರಬಾರದಂತ ಅವ್ವ ಕಡೀ ಹೊಲಿಗಿ ಹಾಕೂಮುಂದ ಒಳಗ ರೊಟ್ಟಿ ಚೂರ ಇಟ್ಟಿದ್ಳು. ತಾನ ಬಡದ ರೊಟ್ಟಿ. ಬಿಚ್ಚಿದಾಗ ಸಿಕ್ತು. ಅರಿವ್ಯಾಗ ಕಟ್ಟಿ ಮತ್ತ ಹಂಗ ಇಟ್ಟಿದ್ದೆ.’ ಬಿಸಿಲಿಗೆ ಹರವಿದ ಕೌದಿಯ ಕಡೆ ನೋಡಿ ಹೇಳಿದಳು: ‘ಅವ್ವನ ಕೈಯಾನ ರೊಟ್ಟಿ ಅದೊಂದ ಉಳದಿತ್ರಿ.’

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಸದ ಗಾಡಿ ಅದನ್ನು ಒಯ್ದು ಎಷ್ಟೋ ದಿನವಾಗಿತ್ತು. ಅತ್ತೆಯವರ ಪಾಲಿನ ಶ್ರೀಶೈಲವನ್ನು ನಾನೇ ಡಬ್ಬಿಗೆ ಹಾಕಿ, ಕೈಬೀಸಿಕೊಂಡು ಹೋಗಿ ಬಂದಿದ್ದೆ.

ತಪ್ಪಾಯಿತು ಎಂದೆ. ‘ಇರ್ಲಿ ಬಿಡ್ರಿ,’ ಎಂದಳು. ಅವಳ ಧ್ವನಿ ಎಂದಿನಂತೆಯೇ ಇತ್ತು. ಆದರೆ ಕೌದಿ ಮಡಿಚುವಾಗ ಆ ಮೂಲೆಯನ್ನು ಮುಟ್ಟಿ ನೋಡುವುದನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ನಾನು ಅದನ್ನು ನೋಡಿ ನೋಡದ ಹಾಗೆ ಪೇಪರ್ ಎತ್ತಿಕೊಳ್ಳುತ್ತೇನೆ.

ಮುಂದಿನ ವರ್ಷ ನಡೆಯುವವರು ಈಗಲೇ ಕೇಳುತ್ತಿದ್ದಾರೆ: ‘ಸರ, ಬ್ಯಾಗ್ ಹಗರ ಮಾಡೂದ ಹ್ಯಾಂಗ್ರಿ?’ ತಕ್ಕಡಿ ನಮ್ಮ ಮನೆಯಲ್ಲಿದೆ, ಬೇಕಾದವರು ಒಯ್ಯಬಹುದು. ನನ್ನ ಲೆಕ್ಕ ಇನ್ನೂ ಬಗೆಹರಿದಿಲ್ಲ.

‘ಇದೇನ ಗಿರಿಜಾ?’ ಎಂದು ಒಂದೇ ಒಂದು ಮಾತು ಕೇಳಿದ್ದರೆ, ನನ್ನ ಬೆನ್ನಿಗೆ ಎಷ್ಟು ಗ್ರಾಂ ಹೆಚ್ಚಾಗುತ್ತಿತ್ತು?