ಸೋರಿದ ದಿನ ಸಿಕ್ಕ ಹೆಸರು

ಬೆಳಗಿನ ಐದೂಕಾಲು. ಸೈಗಾನಿನ ಈ ಓಣಿಯಲ್ಲಿ ಕಾಫಿ ಗಾಡಿಯ ಒಲೆ ಕೂಡ ಇನ್ನೂ ಹೊತ್ತಿಲ್ಲ. ಐವತ್ತಾರು ವರ್ಷದ ತು ಲಾಯ್ ಮಾತ್ರ ಆಗಲೇ ಮನೆಯ ಮುಂಗೋಣೆಯಲ್ಲಿ ನೆಲಕ್ಕೆ ಮಂಡಿಯೂರಿದ್ದಾರೆ. ಎದುರಿಗೆ ಪಕ್ಕದ ಗಾಜು ಬಿಚ್ಚಿಟ್ಟ ಒಂದು ಕಂಪ್ಯೂಟರ್. ಅದರ ಹೊಟ್ಟೆಯೊಳಗೆ ಬೆರಳು ದಪ್ಪದ ಅಕ್ರಿಲಿಕ್ ಕೊಳವೆಗಳು ಪಂಪಿನಿಂದ ಹೊರಟು, ಪ್ರೊಸೆಸರ್ ಮೇಲೆ ಹಾದು, ಗ್ರಾಫಿಕ್ಸ್ ಕಾರ್ಡಿನ ಬೆನ್ನು ಸವರಿ, ರೇಡಿಯೇಟರಿಗೆ ಹೋಗಿ ಮರಳುತ್ತವೆ. ಕಾದ ಚಿಪ್‌ಗಳ ಬಿಸಿಯನ್ನು ಹೊತ್ತು ಹೊರಗೆ ಹಾಕುವ ನೀರಿನ ದಾರಿ ಇದು. ದಾರಿಯುದ್ದಕ್ಕೂ ಕೆಳಗೆ ಟಿಶ್ಯೂ ಕಾಗದದ ಚೂರುಗಳನ್ನು ಹಾಸಿದ್ದಾರೆ. ಒಂದೊಂದನ್ನೇ ಎತ್ತಿ ಕೆನ್ನೆಗೆ ಒತ್ತಿಕೊಂಡು ನೋಡುತ್ತಾರೆ. ಬೆರಳಿಗೆ ತೇವ ತಿಳಿಯುವುದಿಲ್ಲ. ಮೂವತ್ತು ಚಿಲ್ಲರೆ ವರ್ಷದ ಬೆಂಕಿ ಬೆರಳ ತುದಿಗಳನ್ನು ಸುಟ್ಟು ಕಲ್ಲು ಮಾಡಿದೆ. ಅವರ ಮೊಬೈಲಿಗೇ ಅವರ ಬೆರಳಿನ ಗುರುತು ಸಿಗುವುದಿಲ್ಲ.

"ಕೀಲಿನ ಹತ್ರ ಎಲ್ಲಾ ಒಣಗಿದೆ ನೋಡಿ," ಎನ್ನುತ್ತಾರೆ. "ಬಗ್ಗಿಸಿರೋ ಕಡೆ ಇಟ್ಟಿದ್ದು ಒದ್ದೆ. ಅಂದ್ರೆ ನಾನು ಬಗ್ಗಿಸಿದ್ದೇ ಸೋರಿದೆ. ಹೋಯ್ತು, ಮರ್ಯಾದೆ ಹೋಯ್ತು!"

ಮರ್ಯಾದೆಯ ಮಾತು ಸುಮ್ಮನೆ ಬಂದದ್ದಲ್ಲ. ಮುಖ್ಯರಸ್ತೆಯಲ್ಲಿ ಖೋಯ್ ಎಂಬ ಹುಡುಗನ ಕಂಪ್ಯೂಟರ್ ಅಂಗಡಿಯಿದೆ. ನೀರಿನಿಂದ ತಣ್ಣಗಾಗುವ ಕಂಪ್ಯೂಟರ್ ಬೇಕೆಂದವರು ಅಲ್ಲಿಗೆ ಹೋಗುತ್ತಾರೆ. ಬಣ್ಣದ ದೀಪ ಹಾಕಿ ಫೋಟೊ ತೆಗೆಯುವುದು ಅಲ್ಲಿ, ಚಪ್ಪಾಳೆ ಬೀಳುವುದು ಅಲ್ಲಿ. ಕೊಳವೆ ಬಗ್ಗಿಸಿ, ಕೂರಿಸಿ, ಸೋರದ ಹಾಗೆ ಮಾಡಿ ಕೊಡುವುದು ಈ ಓಣಿಯಲ್ಲಿ. ಎಂಟು ವರ್ಷದಲ್ಲಿ ನಾನೂರ ಮೂವತ್ತೊಂದು ಯಂತ್ರಗಳು ಹೀಗೆ ಹೋಗಿವೆ. ಒಂದು ಫೋಟೊದ ಕೆಳಗೂ ತು ಲಾಯ್ ಹೆಸರು ಬಂದದ್ದಿಲ್ಲ. ಮೂರು ದಿನದ ಹಿಂದೆ ಬಂತು. ಥಿನ್ ಎಂಬ ಗಿರಾಕಿಯ ಯಂತ್ರ ಸೋರಿ ಗ್ರಾಫಿಕ್ಸ್ ಕಾರ್ಡ್ ಸತ್ತಿತು, ಅವನು ಅಂಗಡಿಯ ಫೇಸ್‌ಬುಕ್ ಪುಟದಲ್ಲಿ ಬಾಯಿಗೆ ಬಂದಂತೆ ಬೈದ. ಖೋಯ್ ತಕ್ಷಣ ಕೈ ತೊಳೆದುಕೊಂಡ: "ಕೊಳವೆ ಬಗ್ಗಿಸಿದವರು ನಮ್ಮವರಲ್ಲ. ಹಿಂದಿನ ಓಣಿಯ ತು ಲಾಯ್ ಎಂಬವರು." ಊರೆಲ್ಲ ಓದಿತು. ಒಂಬತ್ತು ಸಾವಿರ ಮಂದಿ ನೋಡಿದ್ದಾರಂತೆ.

"ಎಂಟು ವರ್ಷ ನಾನಿದೀನಿ ಅಂತಾನೇ ಗೊತ್ತಿರ್ಲಿಲ್ಲ ಇವ್ರಿಗೆ. ಸೋರಿದ ತಕ್ಷಣ ಮನೆ ವಿಳಾಸದ ಸಮೇತ ನೆನಪಾಯ್ತು!" ತು ಲಾಯ್ ಒದ್ದೆ ಕಾಗದವನ್ನು ಮುದುರಿ ಎಸೆಯುತ್ತಾರೆ. ಇವತ್ತು ಒಂಬತ್ತು ಗಂಟೆಗೆ ಖೋಯ್ ಮತ್ತು ಥಿನ್ ಇಬ್ಬರೂ ಬರುತ್ತಾರೆ. ಸೋರಿದ್ದು ಏಕೆಂದು ಅಷ್ಟರೊಳಗೆ ಹೇಳದಿದ್ದರೆ ಅಂಗಡಿಯಿಂದ ಇನ್ನು ಕೆಲಸವಿಲ್ಲ. ಬೇರೆ ಅಂಗಡಿಯವರೂ ಆ ಸಾಲುಗಳನ್ನು ಓದಿದ್ದಾರೆ. ಏಳಕ್ಕೇ ಬರುತ್ತೇವೆಂದಿದ್ದರು, ಇವರೇ ಬೇಡವೆಂದರು. ಬೋಣಿಯ ಹೊತ್ತಿಗೆ ಜಗಳದವರು ಹೊಸ್ತಿಲು ತುಳಿದರೆ ಆ ದಿನ ಪೂರ್ತಿ ಹಾಳೆಂಬುದು ಈ ಓಣಿಯಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ.

ಕೊಳವೆ ಬಗ್ಗಿಸುವುದು ಅವರಿಗೆ ಅಪ್ಪನಿಂದ ಬಂದ ವಿದ್ಯೆ. ಅಪ್ಪ ನಿಯಾನ್ ಫಲಕ ಮಾಡುತ್ತಿದ್ದರು. ಔಷಧಿ ಅಂಗಡಿಯ ಹಸಿರು ಅಕ್ಷರ, ಸಿನಿಮಾ ಮಂದಿರದ ಕೆಂಪು ಅಕ್ಷರ, ಎಲ್ಲ ಗಾಜಿನ ಕೊಳವೆ ಕಾಯಿಸಿ ಬಗ್ಗಿಸಿದ್ದು. ಹದಿನಾರನೆಯ ವಯಸ್ಸಿಗೆ ಮಗಳು ಉರಿಯ ಮುಂದೆ ಕುಳಿತಳು. ಬಾಯಲ್ಲಿ ರಬ್ಬರ್ ನಳಿಗೆ ಕಚ್ಚಿ, ಮೆತ್ತಗಾದ ಗಾಜು ಕುಸಿಯದ ಹಾಗೆ ಊದುತ್ತಾ ಬಗ್ಗಿಸಬೇಕು. ಹೆಚ್ಚು ಊದಿದರೆ ಉಬ್ಬುತ್ತದೆ, ಕಡಿಮೆಯಾದರೆ ಚಪ್ಪಟೆ. ಆಮೇಲೆ ಎಲ್‌ಇಡಿ ಬಂತು. ಎರಡೇ ವರ್ಷದಲ್ಲಿ ಬೀದಿಯ ಅಕ್ಷರಗಳೆಲ್ಲ ಬದಲಾದವು. ಉರಿ ಆರಿತು. ತು ಲಾಯ್ ಆರು ವರ್ಷ ಸಂತೆಯಲ್ಲಿ ಬಾತುಕೋಳಿ ಮೊಟ್ಟೆ ಮಾರಿದರು. ಆ ಮಾತೆತ್ತಿದರೆ ಈಗಲೂ ಮೂಗು ಮುರಿಯುತ್ತಾರೆ.

ಖೋಯ್‌ನ ಅಂಗಡಿಗೆ ಅವರು ಹೋದದ್ದು ಮೊಬೈಲ್ ಚಾರ್ಜರ್ ಕೊಳ್ಳಲು. ಅಲ್ಲೊಬ್ಬ ಕೆಲಸಗಾರ ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದು ಅಕ್ರಿಲಿಕ್ ಕೊಳವೆಯ ಜೊತೆ ಗುದ್ದಾಡುತ್ತಿದ್ದ. ಕಾಲ ಬಳಿ ಸೊಟ್ಟ ಕೊಳವೆಗಳ ರಾಶಿ. "ನೋಡಕ್ಕಾಗ್ಲಿಲ್ಲ ನಂಗೆ. ಕೊಡಪ್ಪಾ ಇಲ್ಲಿ ಅಂತ ಕಿತ್ಕೊಂಡೆ. ಗಾಜಿನ ಮುಂದೆ ಇದೊಂದು ಮೇಣ," ಎಂದು ನಗುತ್ತಾರೆ. ಆ ದಿನ ಬೆಳಿಗ್ಗೆಯಿಂದ ಆಗದಿದ್ದ ನಾಲ್ಕು ತಿರುವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಚಾರ್ಜರ್ ಮರೆತು ಬಂದರು.

ಈಗ ವಾರಕ್ಕೊಂದು ಯಂತ್ರ, ಒಂದೊಂದಕ್ಕೂ ಹತ್ತು ಹದಿನೈದು ತಿರುವು. ಚಪ್ಪಟೆಯಾಗದ ಹಾಗೆ ಕೊಳವೆಯೊಳಗೆ ಸಿಲಿಕೋನ್ ಹಗ್ಗ ತೂರಿಸಿ, ಕಾಯಿಸಿ, ಕಾಗದದ ಮೇಲೆ ಬರೆದ ಗೆರೆಗೆ ಸರಿಯಾಗಿ ಬಾಗಿಸುತ್ತಾರೆ. ಮೊದಲು ಗಾಳಿ ತುಂಬಿ ಅರ್ಧ ಗಂಟೆ ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಕಾಯುತ್ತಾರೆ. ಆಮೇಲೆ ನೀರು ತುಂಬಿ, ಪಂಪಿಗೆ ಮಾತ್ರ ಕರೆಂಟು ಕೊಟ್ಟು, ಇಪ್ಪತ್ನಾಲ್ಕು ಗಂಟೆ ಓಡಿಸುತ್ತಾರೆ. ಮಂಡಿ ನೋವಿಗೆ ಎರಡು ಹೊತ್ತು ಎಣ್ಣೆ. ಇದೆಲ್ಲ ಸಹಿಸಿಕೊಳ್ಳಬಹುದಂತೆ. ಸಹಿಸಲಾಗದ್ದು ಗಿರಾಕಿಗಳನ್ನು.

"ಏನ್ ಜನಾನೋ! ಒಬ್ಬ ಬಂದು, ಚಿಕ್ಕಮ್ಮ, ಪಂಚಾಂಗದಲ್ಲಿ ನಾನು ಹುಟ್ಟಿದ್ದು ಬೆಂಕಿ ವರ್ಷ, ನೀರು ಕೆಂಪಗಿರ್ಲಿ ಅಂತಾನೆ. ಆಗಲ್ಲ ಕಣೋ, ಬಣ್ಣ ಹಾಕಿದ್ರೆ ಒಳಗೆಲ್ಲ ಕಟ್ಕೊಳತ್ತೆ ಅಂದ್ರೆ ಕೇಳ್ಬೇಕಲ್ಲ. ಮನೆಗೆ ಹೋಗಿ ಕೇಕಿಗೆ ಹಾಕೋ ಕೆಂಪು ಬಣ್ಣ ಸುರಿದ. ಇನ್ನೊಬ್ಬ ಸೆಖೆ ಅಂತ ಐಸ್ ಹಾಕ್ದ. ಐಸ್! ಕಂಪ್ಯೂಟರ್ ಏನು ಕಬ್ಬಿನ ಹಾಲಾ?"

ಅಂದಿನಿಂದ ಪ್ರತಿ ಯಂತ್ರದ ನೀರಿನ ಡಬ್ಬಿಯ ಮೇಲೂ ಒಂದು ಚೀಟಿ ಅಂಟಿಸುತ್ತಾರೆ. ನಲ್ಲಿ ನೀರು ಬೇಡ. ಬಣ್ಣ ಬೇಡ. ಐಸ್ ಬೇಡ. ಸೋಪು ಬೇಡ. ವರ್ಷಕ್ಕೊಂದು ಸಾಲು ಸೇರುತ್ತಲೇ ಇದೆ. ಡಿಸ್ಟಿಲ್ಡ್ ನೀರು ಬಿಟ್ಟರೆ ಬೇರೇನೂ ಹಾಕಬೇಡಿ ಎಂದು ಒಂದೇ ಮಾತು ಬರೆಯಬಾರದೇ ಎಂದರೆ ಕಣ್ಣು ಕೆಂಪಾಗುತ್ತದೆ. "ಅದೇ ಮೊದಲನೇ ಸಾಲು! ಅದನ್ನ ಓದಿದ್ರೆ ಮಿಕ್ಕಿದ್ದು ಯಾಕೆ ಬರೀತಿದ್ದೆ?"

ಏಳೂವರೆ. ಬೋಣಿಯಾಗಿದೆ. ಎದುರು ಮನೆಯಾಕೆ ಮಿಕ್ಸಿಯ ಒಡೆದ ಹಿಡಿಕೆಯನ್ನು ಕಾಯಿಸಿ ಅಂಟಿಸಿಕೊಂಡು ಹೋದರು. ತು ಲಾಯ್ ಥಿನ್‌ನ ಯಂತ್ರದ ಮುಂದೆ ಮತ್ತೆ ಕೂರುತ್ತಾರೆ. ಅದರಲ್ಲಿ ಅವನ ಮನೆಯಿಂದ ಬಂದ ನೀರೇ ಇದೆ, ಬೇಕೆಂದೇ ಬದಲಿಸಿಲ್ಲ. ಟಾರ್ಚ್ ಬಿಟ್ಟು ಒಂದು ತಿರುವನ್ನು ಹತ್ತಿರದಿಂದ ನೋಡುತ್ತಾರೆ. ಅಕ್ರಿಲಿಕ್ಕಿನ ಮೈಯೊಳಗೆ ಕೂದಲಿಗಿಂತ ಸಣ್ಣ ಬಿರುಕುಗಳು, ಜೇಡರ ಬಲೆಯ ಹಾಗೆ. ನೇರವಿರುವ ಕಡೆ ಒಂದೂ ಇಲ್ಲ, ಬಾಗಿದ ಕಡೆಯಷ್ಟೇ.

ಅವರ ಕೈ ನಿಲ್ಲುತ್ತದೆ. ಇಂಥ ಬಿರುಕನ್ನು ಒಮ್ಮೆ ನೋಡಿದ್ದಾರೆ. ಮೊದಲ ವರ್ಷ, ಕೊಳವೆ ಫಳಫಳ ಹೊಳೆಯಲೆಂದು ಸ್ಪಿರಿಟ್ಟಿನಿಂದ ಒರೆಸಿದಾಗ. ಬಗ್ಗಿಸಿದ ಅಕ್ರಿಲಿಕ್‌ಗೆ ಸ್ಪಿರಿಟ್ ತಾಗಿದರೆ ಒಳಗಿನಿಂದಲೇ ಸೀಳುತ್ತದೆ. ಆ ಯಂತ್ರ ಈ ಕೋಣೆಯಲ್ಲೇ ಸೋರಿತ್ತು, ಹೊಸ್ತಿಲು ದಾಟಿರಲಿಲ್ಲ. ಅಂದಿನಿಂದ ಈ ಕೋಣೆಗೆ ಸ್ಪಿರಿಟ್ ಬಂದಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸಿ ಮೂಗು ಹತ್ತಿರ ತರುತ್ತಾರೆ. ಮತ್ತೊಮ್ಮೆ ಮೂಸುತ್ತಾರೆ. ಆಮೇಲೆ ಹಣೆ ಹಣೆ ಚಚ್ಚಿಕೊಳ್ಳುತ್ತಾರೆ.

"ಅಯ್ಯೋ ಇವ್ನ ಮನೆ ಹಾಳಾಗ! ಅಕ್ಕಿ ಸಾರಾಯಿ! ಕಂಪ್ಯೂಟರ್‌ಗೆ ಕುಡಿಸಿದಾನೆ!"

ಒಂಬತ್ತಕ್ಕೆ ಸ್ಕೂಟರ್ ಸದ್ದು. ಖೋಯ್ ಮೊದಲು ಬರುತ್ತಾನೆ, ಮುಖ ಗಂಟಿಕ್ಕಿಕೊಂಡು. ಹಿಂದೆಯೇ ಥಿನ್. ಅವನು ಮನೆಯಲ್ಲೇ ಕೂತು ಹೋಟೆಲು ಕೋಣೆಗಳ ನಕ್ಷೆಗೆ ಬಣ್ಣ ತುಂಬಿ ಚಿತ್ರ ಮಾಡಿಕೊಡುವವನು. ಮೂರು ದಿನದಿಂದ ಕೆಲಸ ನಿಂತು ನಿದ್ದೆ ಕೆಟ್ಟಿದೆ. ಅವನ ಸ್ಕೂಟರಿನ ಹಿಂದಿನಿಂದ ಎಪ್ಪತ್ತು ದಾಟಿದ ಅವನ ತಾಯಿ ಹಾಯ್ ಮಾನ್ ಇಳಿಯುತ್ತಾರೆ, ಕೈಯಲ್ಲಿ ಸಪೋಟದ ಚೀಲ. ಯಂತ್ರಕ್ಕೆ ಹುಷಾರಿಲ್ಲವೆಂದು ನೋಡಲು ಬಂದಿದ್ದಾರೆ.

"ಹೇಳಿ ಚಿಕ್ಕಮ್ಮ, ಎಲ್ಲಿ ತಪ್ಪಾಯ್ತು ನಿಮ್ಗೆ?" ಎಂದು ಖೋಯ್ ಶುರು ಮಾಡುತ್ತಾನೆ.

"ನಂಗಾ? ಇವನ್ನ ಕೇಳು. ಏನಪ್ಪಾ ಥಿನ್, ಗೆಳೆಯರ ಜೊತೆ ಕೂತು ಕುಡಿಯೋವಾಗ ಕಂಪ್ಯೂಟರ್‌ಗೂ ಒಂದು ಗ್ಲಾಸ್ ಹಾಕಿದ್ಯಾ?"

"ಯಾರು? ನಾನು ಕುಡಿಯೋದೇ ಇಲ್ಲ!" ಥಿನ್ ಕೂಗುತ್ತಾನೆ. "ತಪ್ಪು ಮುಚ್ಚಾಕೋಕೆ ಏನೇನೋ ಹೇಳ್ಬೇಡಿ."

"ಮೂಸು. ಬಗ್ಗಿ ಮೂಸು ಅಂದೆ!"

ಥಿನ್ ಮೂಸುತ್ತಾನೆ. ಮೊದಲು ಅರ್ಥವಾಗದೆ, ಆಮೇಲೆ ಅರ್ಥವಾಗತೊಡಗಿ, ನಿಧಾನವಾಗಿ ತಾಯಿಯ ಕಡೆ ತಿರುಗುತ್ತಾನೆ. ಹಾಯ್ ಮಾನ್ ಮಾತ್ರ ನಿರಾಳವಾಗಿ ಸ್ಟೂಲಿನ ಮೇಲೆ ಕೂತು ಸಪೋಟ ಸುಲಿಯುತ್ತಿದ್ದಾರೆ.

"ಅದು ಧನದೇವರ ನೈವೇದ್ಯ ಕಣೋ," ಎನ್ನುತ್ತಾರೆ. "ದೇವರ ಮುಂದೆ ಇಟ್ಟ ನೀರು, ಸಾರಾಯಿ. ಹೊರಗೆ ಚೆಲ್ಲಿದ್ರೆ ಸಿರಿ ಹೊರಗೆ ಹೋಗಲ್ವಾ? ಒಳಗಡೆಗೇ ಹಾಕ್ಬೇಕು. ನಿನ್ನ ಸಂಪಾದನೆ ಎಲ್ಲಾ ಬರೋದು ಆ ಡಬ್ಬದಿಂದ. ಅಲ್ಲೇ ಹಾಕ್ದೆ. ಆ ದೇವರ ಹಬ್ಬದ ದಿನ ಒಂದ್ಸಲ. ಆಮೇಲೆ ಪಾಡ್ಯಕ್ಕೊಂದು, ಹುಣ್ಣಿಮೆಗೊಂದು."

"ಅಮ್ಮಾ!"

"ಏನು ಅಮ್ಮಾ? ಅದ್ರಲ್ಲಿ ನೀರು ದಿನಾ ಇಳೀತಾನೇ ಇತ್ತು. ಬಾಯಾರಿತ್ತು ಪಾಪ. ನೀನು ತಿರುಗಿ ನೋಡಿದ್ಯಾ?"

ತು ಲಾಯ್ ಡಬ್ಬಿಯ ಮೇಲಿನ ಚೀಟಿಗೆ ಬೆರಳು ಕುಟ್ಟುತ್ತಾರೆ. ನಗಬೇಕೋ ಅಳಬೇಕೋ ಅವರಿಗೇ ತಿಳಿಯುತ್ತಿಲ್ಲ. "ಅಕ್ಕಾ, ಚೀಟಿ ಅಂಟಿಸಿದ್ನಲ್ಲ ಡಬ್ಬಿ ಮೇಲೆ! ಇಷ್ಟುದ್ದ!"

"ಓದ್ದೆ. ಕನ್ನಡಕ ಹಾಕ್ಕೊಂಡೇ ಓದ್ದೆ. ಬಣ್ಣ ಬೇಡ, ಐಸ್ ಬೇಡ, ಸೋಪು ಬೇಡ. ದೇವರ ತೀರ್ಥ ಬೇಡ ಅಂತ ಎಲ್ಲಿತ್ತು? ಬರೀಬೇಕಿತ್ತು ನೀನು."

ಥಿನ್‌ನ ಕಿವಿ ಕೆಂಪಾಗಿದೆ. ಮೂರು ದಿನ ಬೈದದ್ದು ಒಂದೊಂದೇ ನೆನಪಾಗುತ್ತಿರಬೇಕು. "ತಪ್ಪಾಯ್ತು ಚಿಕ್ಕಮ್ಮ," ಎಂದು ಅಲ್ಲಿದ್ದ ಕೆಟಲಿನಿಂದ ಒಂದು ಲೋಟ ಚಹಾ ಸುರಿದು ಎರಡು ಕೈಯಲ್ಲೂ ಅವರಿಗೆ ಕೊಡುತ್ತಾನೆ. ಕಾರ್ಡ್ ತಾನೇ ಹೊಸದು ತರುತ್ತಾನಂತೆ. ತಿರುವುಗಳನ್ನೆಲ್ಲ ಮತ್ತೆ ಬಗ್ಗಿಸಿ ಕೊಡಲು ತು ಲಾಯ್ ಒಪ್ಪುತ್ತಾರೆ, ಗೊಣಗುತ್ತಲೇ.

ಖೋಯ್ ಬಾಗಿಲ ಹತ್ತಿರ ಸರಿದು ಮೊಬೈಲಿನ ಮೇಲೆ ಬೆರಳಾಡಿಸುತ್ತಿದ್ದಾನೆ. ನಿಟ್ಟುಸಿರು ಬಿಟ್ಟು ನಗುತ್ತಾ ತಿರುಗುತ್ತಾನೆ. "ಆಯ್ತು ಬಿಡಿ ಚಿಕ್ಕಮ್ಮ, ಎಲ್ಲಾ ಒಳ್ಳೇದೇ ಆಯ್ತು. ನಿಮ್ಮ ಬಗ್ಗೆ ಬರ್ದಿದ್ದನ್ನ ಅಳಿಸ್ಬಿಟ್ಟೆ. ಏನೂ ಆಗೇ ಇಲ್ಲ ಅನ್ಕೊಳಿ."

ತು ಲಾಯ್ ಲೋಟ ಕೆಳಗಿಡುತ್ತಾರೆ. ಬೆಳಗಿನಿಂದ ಕೂಗಾಡಿದವರ ದನಿ ಈಗ ಇಳಿದಿದೆ. ಸಿಟ್ಟು ಇಳಿದಿಲ್ಲ.

"ಯಾರನ್ನ ಕೇಳಿ ಅಳಿಸ್ದೆ?"

"ನಿಮ್ಮ ಹೆಸರಿಗೆ ಕೆಟ್ಟದ್ದು ಅಂತ..."

"ಓದೋರೆಲ್ಲ ಓದಾಯ್ತು. ತು ಲಾಯ್ ಬಗ್ಗಿಸಿದ್ದು ಸೋರತ್ತೆ ಅಂತ ಒಂಬತ್ತು ಸಾವಿರ ಜನಕ್ಕೆ ಹೇಳ್ದೆ. ಸೋರಿದ್ದು ಅವಳ ತಪ್ಪಲ್ಲ ಅಂತ ಎಷ್ಟು ಜನಕ್ಕೆ ಹೇಳ್ತಿ? ಅಳಿಸಿದ್ರೆ ಅವರ ತಲೆಯಿಂದ ಹೋಯ್ತಾ? ಮತ್ತೆ ಬರಿ. ಈಗ್ಲೇ, ನನ್ನ ಕಣ್ಮುಂದೆ."

ಖೋಯ್ ಥಿನ್‌ನ ಕಡೆ ನೋಡುತ್ತಾನೆ. ಖಾಯಂ ಗಿರಾಕಿ, ಅವನ ಮನೆಯ ಮಾತು ಬೀದಿಗೆ ಬರುತ್ತದೆಂಬ ಅಳುಕು. ಥಿನ್ ಬಾಯಿ ತೆರೆಯುವ ಮೊದಲೇ ಹಾಯ್ ಮಾನ್ ಸಪೋಟದ ಬೀಜ ಉಗಿದು ಹೇಳುತ್ತಾರೆ, "ಬರಿಯಪ್ಪಾ. ಸಾರಾಯಿ ಹಾಕಿದ್ದು ಹಾಯ್ ಮಾನ್ ಅಂತ್ಲೇ ಬರಿ. ದೇವರದ್ದು ದೇವರಂಥ ಡಬ್ಬಕ್ಕೆ ಹಾಕ್ದೆ, ಕದ್ದು ಕುಡಿದ್ನಾ ನಾನು? ಆ ಹೆಂಗಸಿನ ಹೊಟ್ಟೆ ಮೇಲೆ ಹೊಡೀಬೇಡ."

ಖೋಯ್ ಬರೆಯುತ್ತಾನೆ. ಬರೆದು ಓದುತ್ತಾನೆ: ಸೋರಿದ್ದು ಸಾರಾಯಿ ಸೇರಿದ್ದರಿಂದ, ಬಗ್ಗಿಸಿದವರ ತಪ್ಪಿಲ್ಲ, ಬಗ್ಗಿಸಿದವರು ತು ಲಾಯ್. ತು ಲಾಯ್ ತಲೆಯಾಡಿಸುತ್ತಾರೆ. ಆದರೂ ಅವನನ್ನು ಹೋಗಲು ಬಿಡುವುದಿಲ್ಲ. ಗೋಡೆಗೆ ಒರಗಿಸಿಟ್ಟ ಇನ್ನೊಂದು ಯಂತ್ರ ತೋರಿಸುತ್ತಾರೆ. ನಾನೂರ ಮೂವತ್ತೆರಡನೆಯದು. ಮೂವತ್ತು ಗಂಟೆ ಓಡಿದೆ, ಕೆಳಗಿನ ಕಾಗದಗಳೆಲ್ಲ ಗರಿಗರಿ ಒಣಗಿವೆ. ಸಂಜೆ ಅಂಗಡಿಗೆ ಹೋಗಿ, ದೀಪ ಹಾಕಿಸಿಕೊಂಡು, ಫೋಟೊಗೆ ನಿಲ್ಲಬೇಕಾದದ್ದು.

"ಅದ್ರ ಫೋಟೊ ಕೆಳಗೂ ಹಾಕು ನನ್ನ ಹೆಸರು," ಎನ್ನುತ್ತಾರೆ ತು ಲಾಯ್. "ಇದು ಸೋರಿಲ್ಲ."