ಗಾಯ ತೋರಿಸಲು ನಡೆದ ದಾರಿ

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷ ನಾನು ಜಮಖಂಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದೆ. ಕಬ್ಬು ಕಟಾವಿನ ಹಂಗಾಮಿನಲ್ಲಿ ಸಾವಳಗಿ ಕಡೆಯ ಸಿದ್ದವ್ವ, ಗಂಡ ಮಾಳಪ್ಪನ ಜೊತೆ ಬಂದಳು. ಕಡಿದ ಕಬ್ಬಿನ ಮೊನಚು ಕೂಳೆ ಅಂಗಾಲಿಗೆ ಚುಚ್ಚಿ ಹುಣ್ಣಾಗಿತ್ತು. ಚುಚ್ಚಿದ್ದೇ ಅವಳಿಗೆ ಗೊತ್ತಾಗಿರಲಿಲ್ಲ. ಅವಳಿಗಿದ್ದ ಸಕ್ಕರೆ ಕಾಯಿಲೆ ಹಳತಾದರೆ ಪಾದದ ನರಗಳು ಮಂಕಾಗುತ್ತವೆ. ಅದನ್ನು ನಾವು ನ್ಯೂರೋಪಥಿ ಎನ್ನುತ್ತೇವೆ.

ಹುಣ್ಣು ಸ್ವಚ್ಛ ಮಾಡಿ, ದಿನ ಬಿಟ್ಟು ದಿನ ಡ್ರೆಸ್ಸಿಂಗಿಗೆ ಬರಬೇಕು, ಆ ಕಾಲನ್ನು ನೆಲಕ್ಕೆ ಊರಬಾರದು ಎಂದೆ. ಅಡ್ಮಿಟ್ ಆಗಲು ಅವಳು ಒಪ್ಪಲಿಲ್ಲ. ತೋಟದ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಳು.

ಸಿದ್ದವ್ವ ತಪ್ಪದೆ ಬಂದಳು. ಆದರೂ ಗಾಯ ಅಗಲವಾಗುತ್ತ ಹೋಗಿ ಕಿರುಬೆರಳು ಕಪ್ಪಾಯಿತು. ಹೀಗೇ ಆದರೆ ಕಾಲೇ ಹೋದೀತು ಎಂದು ಹೇಳಲೇಬೇಕಾಯಿತು.

"ತ್ವಾಟದಿಂದ ಬಸ್ಸಿನ ತನಕ ಕೆನಾಲ್ ದಂಡಿ ಹಿಡದ ನಡೀಬೇಕ್ರಿ, ಆಟೋದವ್ರು ಅಲ್ಲಿ ಬರಂಗಿಲ್ಲ. ಕಾಲ ಊರಬ್ಯಾಡ ಅಂತೀರಿ, ಮತ್ತ ಬಾ ಅಂತೀರಿ. ಗಾಯ ತೋರಸಾಕ ಬರೂದ್ರಾಗ ಗಾಯನ ದೊಡ್ಡದಾಗಾಕತ್ತೈತ್ರಿ, ಡಾಕ್ಟರಬಾಯಾರ. ಇನ್ನ ನಾ ಬರಂಗಿಲ್ಲ" ಎಂದಳು.

ಆ ಬೆರಳನ್ನು ತೆಗೆಯುವಷ್ಟಕ್ಕೆ ವಾರ್ಡಿನಲ್ಲಿ ಉಳಿಯಲು ಹೇಗೋ ಒಪ್ಪಿಸಿ, ಬೆರಳು ತೆಗೆದೆ. ಆಮೇಲೆ ಮನೆಯಲ್ಲೇ ಡ್ರೆಸ್ಸಿಂಗ್ ಮಾಡಲು ಮಾಳಪ್ಪನಿಗೆ ಕಲಿಸುತ್ತೇನೆ ಎಂದಾಗ ಸಿದ್ದವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಗಂಡನ ಕೈಲೆ ಕಾಲ ಹಿಡಿಸಿಕೊಳ್ಳೂದೇನ್ರಿ? ಪಾಪ ಬರತೈತಿ."

ಮಾಳಪ್ಪ ರುಮಾಲು ತೆಗೆದು ಪಕ್ಕಕ್ಕಿಟ್ಟ. "ಕುರಿ ಕಾಲ ಹಿಡದ ಕೈ ಇದು. ನಿನ್ನ ಕಾಲ ಹಿಡ್ಯಾಕ ಯಾಕ ನಾಚ್ಲಿ? ಪಾಪ ಬಂದ್ರ ನನಗ ಬರಲಿ, ಕಾಲ ನಿನಗ ಉಳೀಲಿ."

ಸಿದ್ದವ್ವ ಮುಖ ಆಚೆ ತಿರುಗಿಸಿ ಕಾಲು ಚಾಚಿದಳು. ಮಾಳಪ್ಪ ಮೊದಲ ಸಲ ಬಿಗಿಯಾಗಿ ಕಟ್ಟಿದ, ಎರಡನೆಯ ಸಲ ಪಟ್ಟಿ ಜಾರಿತು. ವಾರ್ಡಿನಲ್ಲಿ ಎಲ್ಲರೂ ನಕ್ಕರು, ಅವಳೂ ನಕ್ಕಳು. ಮೂರನೆಯದು ಸರಿಯಾಯಿತು. ಅವರೂರಿನ ನರ್ಸ್ ವಾರಕ್ಕೊಮ್ಮೆ ತೋಟಕ್ಕೆ ಹೋಗಿ ನೋಡಿ, ಗಾಯದ ಫೋಟೋ ನನ್ನ ಮೊಬೈಲಿಗೆ ಕಳಿಸುತ್ತಿದ್ದಳು. ನಡಿಗೆ ನಿಂತಿತು, ಗಾಯ ಅಂಚಿನಿಂದ ಕೂಡುತ್ತ ಬಂತು. ಮಳೆ ಹಿಡಿಯುವ ಮೊದಲೇ ಮಾಯಿತು.

ಔಷಧ ಮೊದಲಿನದೇ, ಡ್ರೆಸ್ಸಿಂಗೂ ಮೊದಲಿನದೇ. ಬೆರಳು ತೆಗೆದದ್ದು ಬಿಟ್ಟರೆ ನಾನು ಮಾಡಿದ್ದು ಅವಳು ನಡೆಯಬೇಕಿದ್ದ ದಾರಿಯನ್ನು ತಪ್ಪಿಸಿದ್ದಷ್ಟೇ. ಈಗ ಯಾರಿಗಾದರೂ ಮತ್ತೆ ಬನ್ನಿ ಎನ್ನುವ ಮುಂಚೆ, ಹೇಗೆ ಬರುತ್ತೀರಿ ಎಂದು ಕೇಳುತ್ತೇನೆ. ಅವರ ಉತ್ತರ ಕೇಳಿ ಎಷ್ಟೋ ಸಲ ಚಿಕಿತ್ಸೆಯನ್ನೇ ಬದಲಿಸಿದ್ದೇನೆ.